ಬಯಲುಸೀಮೆಯ ತೋಟದ ಮನೆಗೆ ಸೂರೇ ಮೊದಲು

ಏಪ್ರಿಲ್ ತಿಂಗಳ ಮಧ್ಯಾಹ್ನ ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ರೇಷ್ಮೆ ಸಾಕುವವರ ಹುಳುಮನೆಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಶೀಟಿನ ಇಲ್ಲವೇ ಕಲ್ಲುಚಪ್ಪಡಿಯ ಚಾವಣಿಯ ಮೇಲೆ ತೆಂಗಿನ ಗರಿ ಹೊದಿಸಿರುತ್ತಾರೆ, ಕಿಟಕಿಗಳಿಗೆ ನೆನೆಸಿದ ಗೋಣಿತಾಟು ಇಳಿಬಿಟ್ಟಿರುತ್ತಾರೆ, ಒಳಗೆ ಗೋಡೆಗೆ ತೂಗುಹಾಕಿದ ಉಷ್ಣಮಾಪಕವನ್ನು ಗಳಿಗೆಗೊಮ್ಮೆ ನೋಡುತ್ತಿರುತ್ತಾರೆ. ಬಲಿತ ಹುಳುವಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಬಿಸಿ ಅದಕ್ಕಿಂತ ತೀರಾ ಏರಿದರೆ ಹುಳು ಸೊಪ್ಪು ತಿನ್ನುವುದನ್ನು ಕಡಿಮೆ ಮಾಡುತ್ತದೆ, ರೋಗ ತಗಲುತ್ತದೆ, ಬೆಳೆ ಕೈಬಿಟ್ಟು ಹೋಗುತ್ತದೆ. ಹೀಗೆ ನಷ್ಟದ ಭಯವಿರುವುದರಿಂದಲೇ ಈ ಭಾಗದ ರೈತರು ಹುಳುವಿನ ಮನೆಯ ವಿಷಯದಲ್ಲಿ ಬಿಸಿಲು ಎಲ್ಲಿಂದ ಇಳಿಯುತ್ತದೆ ಎಂಬುದನ್ನು ಮೊದಲು ನೋಡುತ್ತಾರೆ, ಅದಕ್ಕೆ ಮೊದಲು ಅಡ್ಡ ಹಾಕುತ್ತಾರೆ.

ಮನುಷ್ಯರು ಇರುವ ಮನೆ ಕಟ್ಟುವಾಗ ಈ ಎಚ್ಚರ ಕಾಣುವುದಿಲ್ಲ. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಿಂದ ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ತಡೆ ತೆರವಾಯಿತು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ, ಅದರಲ್ಲೂ ಬೆಂಗಳೂರಿಗೆ ಸಮೀಪದ ತಾಲ್ಲೂಕುಗಳಲ್ಲಿ, ಹೊಲಗಳ ನಡುವೆ ಹೊಸ ತೋಟದ ಮನೆಗಳು ಏಳುತ್ತಿವೆ. ಅವುಗಳನ್ನು ಕಟ್ಟಿಸುವವರಲ್ಲಿ ಒಂದು ಪಾಲು ಜನರಿಗೆ ಮಣ್ಣು, ಕಲ್ಲು, ಮರಗಳಿಂದಲೇ ಮನೆ ಕಟ್ಟಬೇಕೆಂಬ ಪ್ರಾಮಾಣಿಕ ಆಸೆ ಇದೆ. ಆ ಆಸೆ ಗೋಡೆಯವರೆಗೆ ಬಂದು ನಿಲ್ಲುತ್ತಿದೆ ಎಂಬುದೇ ನನ್ನ ತಕರಾರು.

ಕಳೆದ ಬೇಸಿಗೆಯಲ್ಲಿ ಸ್ನೇಹಿತರೊಬ್ಬರು ನಂದಿ ಬೆಟ್ಟದ ತಪ್ಪಲಲ್ಲಿ ಕಟ್ಟಿಸಿದ ಅಂಥದೊಂದು ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಕೆಮ್ಮಣ್ಣಿನ ಬ್ಲಾಕುಗಳ ಗೋಡೆ ನೋಡಲು ಬಹಳ ಚೆಂದವಾಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಅಂಗೈ ಇಟ್ಟರೆ ತಣ್ಣಗಿತ್ತು. ಮಂಚದ ಮೇಲೆ ನಿಂತು ಕೈ ಚಾಚಿ ಚಾವಣಿ ಮುಟ್ಟಿದರೆ ಬಚ್ಚಲ ಹಂಡೆಯ ಮೈ ಮುಟ್ಟಿದ ಹಾಗಿತ್ತು. ಹೊರಗೆ ಹೊಲದ ಮೇಲಿಂದ ತಂಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ ಇಳಿಯುತ್ತಿತ್ತು. ಹನ್ನೊಂದು ಗಂಟೆಗೆ ನಾವೆಲ್ಲ ಚಾಪೆ ತೆಗೆದುಕೊಂಡು ಜಗಲಿಗೆ ಬಂದೆವು. ಮಣ್ಣಿನ ಗೋಡೆಗಳ ಮೇಲೆ ಐದಂಗುಲದ ಆರ್‌ಸಿಸಿ ತಾರಸಿ ಹಾಸಿ, ಅದನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಟ್ಟಿದ್ದರು. ಬೆಟ್ಟ ಕಾಣಲೆಂದು ಪಶ್ಚಿಮಕ್ಕೆ ಇಡೀ ಗೋಡೆಯಗಲ ಗಾಜು ಕೂಡಿಸಿದ್ದರು.

ಇಲ್ಲಿ ಬಿಸಿಲಿನ ಲೆಕ್ಕ ಸರಳವಾಗಿದೆ. ಈ ಮೂರೂ ಜಿಲ್ಲೆಗಳು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಎಂದರೆ ಕಡುಬೇಸಿಗೆಯಲ್ಲಿ ದಕ್ಷಿಣದ ಗೋಡೆಯ ಮೇಲೆ ಬಿಸಿಲು ಬೀಳುವುದೇ ಅಪರೂಪ, ಪೂರ್ವ ಪಶ್ಚಿಮದ ಗೋಡೆಗಳ ಮೇಲೆ ಅರ್ಧ ದಿನ ಬೀಳುತ್ತದೆ, ಚಾವಣಿಯ ಮೇಲೆ ಬೆಳಗಿನಿಂದ ಸಂಜೆಯವರೆಗೂ ಬೀಳುತ್ತದೆ. ಬೇಸಿಗೆಯ ಒಂದು ದಿನ ಚದರ ಮೀಟರ್ ಚಾವಣಿ ಪಡೆಯುವ ಶಾಖವನ್ನು ವಿದ್ಯುತ್ತಿನ ಅಳತೆಯಲ್ಲಿ ಹೇಳುವುದಾದರೆ ಅದು ಆರು ಯೂನಿಟ್ಟಿನ ಆಸುಪಾಸು. ಅಷ್ಟೇ ವಿಸ್ತೀರ್ಣದ ಪಶ್ಚಿಮ ಗೋಡೆ ಪಡೆಯುವುದು ಸುಮಾರು ಅದರ ಅರ್ಧ. ಸಾವಿರ ಚದರಡಿಯ, ಅಂದರೆ 93 ಚದರ ಮೀಟರಿನ ಚಾವಣಿಯ ಮೇಲೆ ದಿನವೊಂದಕ್ಕೆ 550 ಯೂನಿಟ್ಟಿನಷ್ಟು ಶಾಖ ಸುರಿಯುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನೆಲೆಗೊಂಡಿರುವುದು ಈ ಬಿಸಿಲನ್ನು ನಂಬಿಯೇ. ಅದೇ ಬಿಸಿಲು ನಮ್ಮ ಮಲಗುವ ಕೋಣೆಯ ನೆತ್ತಿಯ ಮೇಲೂ ಇದೆ.

ಈ ಶಾಖ ಚಾವಣಿಯಲ್ಲಿ ಏನಾಗುತ್ತದೆ ಎಂಬುದು ಚಾವಣಿಯ ದಪ್ಪ ಮತ್ತು ವಸ್ತುವಿನ ಮೇಲೆ ನಿಂತಿದೆ. ಕಾಂಕ್ರೀಟು ಶಾಖವನ್ನು ಮಣ್ಣಿಗಿಂತ ಬೇಗ ಸಾಗಿಸುತ್ತದೆ. ನಾಲ್ಕೈದು ಅಂಗುಲದ ತಾರಸಿ ಮಧ್ಯಾಹ್ನ ಹೀರಿದ ಬಿಸಿ ಮೂರು ನಾಲ್ಕು ಗಂಟೆ ತಡವಾಗಿ ಒಳಮೈಗೆ ಬರುತ್ತದೆ, ಸಂಜೆ ಐದಾರರ ಹೊತ್ತಿಗೆ ಅದು ತನ್ನ ತುದಿ ಮುಟ್ಟಿ, ಮನೆಯವರು ಊಟ ಮಾಡಿ ಮಲಗುವ ಹೊತ್ತಿನಲ್ಲಿ ಕೆಳಗೆ ಸೂಸುತ್ತಿರುತ್ತದೆ. ಹಗಲು ಹೊಲದಲ್ಲಿ ದುಡಿದು ರಾತ್ರಿ ಮಾತ್ರ ಮನೆಯೊಳಗೆ ಮಲಗುವವರಿಗೆ ಇದಕ್ಕಿಂತ ತಪ್ಪಾದ ಸಮಯ ಇನ್ನೊಂದಿಲ್ಲ.

ಹಾಗೆಂದು ಹಳೆಯದೆಲ್ಲ ತಂಪು ಎಂದುಕೊಳ್ಳುವುದೂ ಸರಿಯಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕಲ್ಲುಚಪ್ಪಡಿಯ ಮನೆಗಳು ಬೇಕಾದಷ್ಟಿವೆ. ಗ್ರಾನೈಟ್ ಶಾಖವನ್ನು ಕಾಂಕ್ರೀಟಿಗಿಂತಲೂ ಬೇಗ ಸಾಗಿಸುವ ಕಲ್ಲು. ಮೂರು ನಾಲ್ಕು ಅಂಗುಲದ ಬರಿ ಚಪ್ಪಡಿಯ ಕೆಳಗೆ ಚೈತ್ರ ವೈಶಾಖದ ರಾತ್ರಿಗಳನ್ನು ಕಳೆದವರಿಗೆ ಅದು ಚೆನ್ನಾಗಿ ಗೊತ್ತು. ಚೆನ್ನಾಗಿ ಕಟ್ಟಿದ ಹಳೆಯ ಮನೆಗಳಲ್ಲಿ ಚಪ್ಪಡಿಯ ಮೇಲೆ ಮಣ್ಣು ಹಾಸಿ, ಅದರ ಮೇಲೆ ಸುಣ್ಣದ ಗಾರೆ ಬಡಿದಿರುತ್ತಿದ್ದರು. ತಂಪು ಕೊಡುತ್ತಿದ್ದುದು ಆ ಮಣ್ಣು. ಚಪ್ಪಡಿ ಅದನ್ನು ಹೊತ್ತಿತ್ತು, ಅಷ್ಟೆ. ಮುಂದೆ ಸೋರಿಕೆ ಶುರುವಾದಾಗ ಮಣ್ಣನ್ನು ಕೆದಕಿ ತೆಗೆದು ಸಿಮೆಂಟ್ ಬಳಿದರು, ಸೋರುವುದು ನಿಂತಿತು, ಮನೆ ಕಾಯತೊಡಗಿತು.

ಗೌರಿಬಿದನೂರು, ಬಾಗೇಪಲ್ಲಿ, ಪಾವಗಡದ ಕಡೆ, ಆಂಧ್ರದ ಅನಂತಪುರದ ಬಗಲಿನಲ್ಲಿ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಕಡ್ಡಿ, ಅದರ ಮೇಲೆ ಬೇವು, ಲಕ್ಕಿ, ಹೊಂಗೆಯಂಥ ಸೊಪ್ಪು, ಮೇಲೆ ತುಳಿದು ಹದ ಮಾಡಿದ ಮಣ್ಣು, ಕೊನೆಯ ಹೊದಿಕೆಯಾಗಿ ಚೌಳು ಮಣ್ಣು. ಸೋಡಿಯಂ ಅಂಶ ಹೆಚ್ಚಿರುವ ಚೌಳು ಮಣ್ಣಿನ ಸಣ್ಣ ಕಣಗಳು ನೀರು ತಾಗಿದೊಡನೆ ಚದುರಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಬೆಳೆಗೆ ಬಾರದ ಆ ಮಣ್ಣು ಮಳೆಯ ನೀರು ಇಳಿಯದಂತೆ ಮಾಳಿಗೆಯನ್ನು ಕಾಯುತ್ತದೆ. ಯಾವ ಪುಸ್ತಕ ಓದದ ಜನ ಇದನ್ನು ಕಂಡುಕೊಂಡಿದ್ದರಲ್ಲ ಎಂದು ನಾನು ಈಗಲೂ ಬೆರಗಾಗುತ್ತೇನೆ. ಆದರೆ ನೂರು ಚದರಡಿಯ ಮೇಲೆ ಒಂದಡಿ ಮಣ್ಣು ಹೇರಿದರೆ ತೂಕ ನಾಲ್ಕೂವರೆ ಟನ್ನಿನಷ್ಟಾಗುತ್ತದೆ. ಪ್ರತಿವರ್ಷ ಮಳೆಗೆ ಮುನ್ನ ಮೇಲೆ ಹತ್ತಿ ಚೌಳು ಹಾಕುವ ಕೈಗಳು ಮನೆಯಲ್ಲಿ ಇರಬೇಕು, ತೊಲೆಗೆ ಗೆದ್ದಲು ಹತ್ತದಂತೆ ನೋಡುತ್ತಿರಬೇಕು. ವಾರಕ್ಕೊಮ್ಮೆ ಬಂದುಹೋಗುವವರು ಇಂಥ ಮಾಳಿಗೆ ಹಾಕಿಸುವುದು ಅಪಾಯ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಏನು ಹಾಕಿಸಬೇಕು? ಈ ಸೀಮೆಗೆ ನನಗೆ ಹೆಚ್ಚು ಸರಿ ಎನ್ನಿಸುವುದು ಹೆಂಚಿನ ಇಳಿಜಾರು ಚಾವಣಿ ಮತ್ತು ಅದರ ಕೆಳಗೊಂದು ಅಟ್ಟ. ಬರಿ ಹೆಂಚು ತೆಳುವಾದದ್ದು, ಮಧ್ಯಾಹ್ನ ಅದರ ಬಿಸಿ ನೇರವಾಗಿ ತಲೆಗೆ ಬಡಿಯುತ್ತದೆ. ಆದರೆ ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೊತ್ತು ಮುಳುಗುತ್ತಲೇ ಆರಿಬಿಡುತ್ತದೆ. ಅದರ ಕೆಳಗೆ ಹಲಗೆ ಇಲ್ಲವೇ ಅಡಿಕೆ ದಬ್ಬೆ ಹಾಸಿ, ಮೇಲೆ ಎರಡು ಮೂರು ಅಂಗುಲ ಮಣ್ಣು ಮೆತ್ತಿದ ಅಟ್ಟ ಇದ್ದರೆ ಹಗಲಿನ ಬಿಸಿ ಅಲ್ಲಿಯೇ ತಡೆಯುತ್ತದೆ. ಎರಡು ತುದಿಯ ತ್ರಿಕೋನದ ಗೋಡೆಗಳಲ್ಲಿ ಜಾಲರಿ ಬಿಟ್ಟರೆ ಅಟ್ಟದ ಬಿಸಿಗಾಳಿ ಹೊರಗೆ ಹೋಗುತ್ತದೆ. ಹಿಂದಿನವರು ಅಟ್ಟದ ಮೇಲೆ ಹುಣಸೆಹಣ್ಣು, ಹುರುಳಿ, ಹಳೆಯ ಪಾತ್ರೆ ತುಂಬಿಡುತ್ತಿದ್ದರು. ತೋಟದ ಮನೆಗೆ ಈಗಲೂ ಅಂಥ ಜಾಗ ಬೇಕೇ ಬೇಕು. ಮರಕ್ಕಾಗಿ ಕಾಡಿನ ಕಡೆ ನೋಡಬೇಕಾಗಿಲ್ಲ. ತಿಪಟೂರು ಕಡೆ ಇಳುವರಿ ನಿಂತ ಹಳೆಯ ತೆಂಗಿನ ಮರಗಳು ಸಿಗುತ್ತವೆ, ಬಲಿತ ಮರದ ಹೊರಭಾಗ ತೊಲೆಗೆ ಸಾಕಷ್ಟು ಗಟ್ಟಿ. ಬದುಗಳ ಮೇಲೆ ಬೆಳೆಸಿದ ಸಿಲ್ವರ್ ಓಕ್ ಪಕ್ಕಾಸಿಗೆ ಆಗುತ್ತದೆ.

ಬೆಟ್ಟದ ಸಾಲಿನ ಊರುಗಳಲ್ಲಿ ಕೋತಿಗಳು ಹೆಂಚನ್ನು ಉಳಿಸುವುದಿಲ್ಲ ಎಂಬ ಮಾತು ಸುಳ್ಳಲ್ಲ. ಅಂಥ ಕಡೆ ತಾರಸಿಯೇ ಬೇಕಾದರೆ ಅದರ ಕೆಳಪದರದಲ್ಲಿ ಹೆಂಚುಗಳನ್ನು ತುಂಬುವ ಫಿಲ್ಲರ್ ಸ್ಲ್ಯಾಬ್ ಹಾಕಿಸಬಹುದು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ವಿಧಾನ ಅದು. ಭಾರ ಹೊರುವುದರಲ್ಲಿ ಹೆಚ್ಚು ಪಾಲಿಲ್ಲದ ಜಾಗದ ಕಾಂಕ್ರೀಟನ್ನು ತೆಗೆದು ಅಲ್ಲಿ ಹೆಂಚು ಕೂರಿಸುವುದರಿಂದ ಸಿಮೆಂಟ್ ಉಳಿಯುತ್ತದೆ, ಹೆಂಚಿನ ನಡುವಿನ ಗಾಳಿ ಶಾಖವನ್ನು ತುಸು ತಡೆಯುತ್ತದೆ. ಅದಷ್ಟರಿಂದಲೇ ತಂಪಾಗುವುದಿಲ್ಲ, ಮೇಲೆ ನೆರಳು ಬೇಕು. ಬೋರಲಾಗಿ ಜೋಡಿಸಿದ ಮಣ್ಣಿನ ಕುಡಿಕೆಗಳ ಮೇಲೆ ಸುಣ್ಣದ ಗಾರೆ ಹಾಕಿಸಬಹುದು, ತಾರಸಿಯಿಂದ ಆರೇಳು ಅಡಿ ಎತ್ತರಕ್ಕೆ ಸೌರ ಫಲಕಗಳನ್ನೇ ಚಪ್ಪರವಾಗಿ ನಿಲ್ಲಿಸಬಹುದು, ಹಣವಿಲ್ಲದಿದ್ದರೆ ಹುಳುಮನೆಯವರಂತೆ ತೆಂಗಿನ ಗರಿ ಹೊದಿಸಬಹುದು. ಈಗಾಗಲೇ ಆರ್‌ಸಿಸಿ ಮನೆ ಕಟ್ಟಿಕೊಂಡವರು ಶಿವರಾತ್ರಿ ಕಳೆಯುತ್ತಲೇ ತಾರಸಿಗೆ ಎರಡು ಕೈ ಸುಣ್ಣ ಬಳಿದರೂ ರಾತ್ರಿಯ ನಿದ್ದೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಸೂರು ನಿರ್ಧಾರವಾದ ಮೇಲೆ ಗೋಡೆಯ ಮಾತು. ಮಣ್ಣಿನ ಬ್ಲಾಕಿನ ವಿಷಯದಲ್ಲಿ ಈ ಸೀಮೆಗೆ ಸ್ವಂತದ್ದೇ ಒಂದು ಚರಿತ್ರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕಾರ್ಯಕ್ರಮ ತನ್ನ ವಿಸ್ತರಣಾ ಕೇಂದ್ರವನ್ನು ತೆರೆದದ್ದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಆ ಕಾರ್ಯಕ್ರಮದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ರೂಪಿಸಿದ, ಕೈಯಿಂದ ಒತ್ತುವ ಯಂತ್ರ ಮತ್ತು ಮಣ್ಣಿನ ಬ್ಲಾಕಿನ ವಿಧಾನ ಇಂದು ದೇಶದ ಹಲವೆಡೆ ಬಳಕೆಯಲ್ಲಿದೆ. ಇಂಥ ಬ್ಲಾಕುಗಳಿಗೆ ಐಎಸ್ 1725 ಎಂಬ ಮಾನಕವೂ ಇದೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಅದರ ತೂಕದ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕಡಿಮೆ ನೀರಿನಲ್ಲಿ ಒತ್ತಿ ತೆಗೆದು, ಮೂರು ನಾಲ್ಕು ವಾರ ನೆರಳಿನಲ್ಲಿ ನೀರುಣಿಸಿದರೆ ಸಾಕು, ಸುಡಬೇಕಾಗಿಲ್ಲ. ಮಾಲೂರಿನ ಗೂಡುಗಳಲ್ಲಿ ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಅಷ್ಟೇ ಗೋಡೆ ಏಳುತ್ತದೆ.

ಎಲ್ಲ ಮಣ್ಣೂ ಇದಕ್ಕೆ ಆಗಿಬರುವುದಿಲ್ಲ. ಮರಳಿನ ಪಾಲು ಮೂರರಲ್ಲಿ ಎರಡರಷ್ಟು, ಜೇಡಿಯ ಪಾಲು ಶೇ 10ರಿಂದ 15ರಷ್ಟು ಇದ್ದರೆ ಒಳ್ಳೆಯದು. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ನೇರ ಮೈಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ತುಂಬಿ, ಕುತ್ತಿಗೆಯವರೆಗೆ ನೀರು ಸುರಿದು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ನೋಡನೋಡುತ್ತಲೇ ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ಗಂಟೆಯೊಳಗೆ ಬೂದಿಯಂಥ ನಯಮಣ್ಣಿನ ಪದರ ಕಟ್ಟುತ್ತದೆ, ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕೆಂಪಗೆ ಇಟ್ಟುಕೊಂಡು ಆಮೇಲೆ ಕೆನೆಯ ಹಾಗೆ ಕೂರುತ್ತದೆ. ಮೂರು ಪದರಗಳನ್ನು ಅಳತೆಪಟ್ಟಿಯಿಂದ ಅಳೆದರೆ ಮಣ್ಣಿನ ಹದದ ಅಂದಾಜು ಸಿಗುತ್ತದೆ. ಜೇಡಿ ಹೆಚ್ಚಿದ್ದರೆ ಮರಳೋ ಕ್ರಷರಿನ ಕಲ್ಲುಪುಡಿಯೋ ಬೆರೆಸಬೇಕು. ಕರಿಯ ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಗುಣದ್ದು, ಅದನ್ನು ಈ ಕೆಲಸಕ್ಕೆ ಮುಟ್ಟದಿರುವುದು ಒಳ್ಳೆಯದು.

ಈ ಮಣ್ಣು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೋಲಾರ ಜಿಲ್ಲೆಯಲ್ಲಿ ಕೆರೆ ಮತ್ತು ಹೊಲದ ಮಣ್ಣನ್ನು ತೊಳೆದು ತೆಗೆಯುವ ಫಿಲ್ಟರ್ ಮರಳಿನ ದಂಧೆ ಕೆರೆಯಂಗಳಗಳನ್ನು ಹಾಳುಗೆಡವಿದ ಬಗೆಯನ್ನು ಎಲ್ಲರೂ ಕಂಡಿದ್ದಾರೆ. ಕಲ್ಲಿನ ಕಥೆಯೂ ಅಷ್ಟೇ: ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ 2021ರ ಫೆಬ್ರವರಿಯಲ್ಲಿ ಕ್ವಾರಿಗಾಗಿ ತಂದ ಜಿಲೆಟಿನ್ ಸ್ಫೋಟಗೊಂಡು 6 ಮಂದಿ ಪ್ರಾಣ ಕಳೆದುಕೊಂಡರು. ನೆಲದಿಂದ ಬಂದ ವಸ್ತು ಎಂದ ಮಾತ್ರಕ್ಕೆ ಅದು ಯಾರಿಗೂ ನೋವು ಕೊಡದೆ ಬಂದಿರುತ್ತದೆ ಎನ್ನಲಾಗದು. ತೋಟದ ಮನೆಗೆ ಇದಕ್ಕೊಂದು ದಾರಿ ಜಮೀನಿನಲ್ಲೇ ಇದೆ. ಹೇಗೂ ಕೃಷಿ ಹೊಂಡ ತೆಗೆಯಬೇಕು. ಹತ್ತು ಮೀಟರ್ ಉದ್ದಗಲದ, ಮೂರು ಮೀಟರ್ ಆಳದ, ಇಳಿಜಾರು ಬದಿಗಳ ಹೊಂಡದಿಂದ 150 ಘನ ಮೀಟರಿನಷ್ಟು ಮಣ್ಣು ಬರುತ್ತದೆ. ಸಾವಿರ ಚದರಡಿ ಮನೆಯ ಒಂಬತ್ತಂಗುಲದ ಗೋಡೆಗಳಿಗೆ ಬೇಕಾಗುವುದು 40ರಿಂದ 50 ಘನ ಮೀಟರ್. ಮೇಲಿನ ಒಂದಡಿ ಫಲವತ್ತಾದ ಮಣ್ಣನ್ನು ಬೇರೆಯಾಗಿ ತೆಗೆದು ಹೊಲಕ್ಕೇ ಹರಡಿ, ಅದರ ಕೆಳಗಿನದನ್ನು ಗೋಡೆಗೆ ಬಳಸಿದರೆ ಒಂದೇ ಅಗೆತದಲ್ಲಿ ನೀರಿಗೂ ಜಾಗವಾಗುತ್ತದೆ, ಮನೆಗೂ ಮಣ್ಣಾಗುತ್ತದೆ.

ಮಣ್ಣಿನ ಮನೆ ಮಳೆಗೆ ನಿಲ್ಲುತ್ತದೆಯೇ ಎಂದು ಊರಿನವರು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 2021ರ ನವೆಂಬರಿನಲ್ಲಿ ವಾರಗಟ್ಟಲೆ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಬಿದ್ದುದನ್ನು ಅವರು ಕಣ್ಣಾರೆ ಕಂಡವರು. ಆದರೆ ಬಿದ್ದ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಅವು ಬುಡದಲ್ಲಿ ಕುಸಿದಿರುವುದು ಕಾಣುತ್ತದೆ. ಹಳ್ಳಿಗಳ ಬೀದಿಗೆ ಕಾಂಕ್ರೀಟ್ ಹಾಕುವಾಗ ಪ್ರತಿಸಲವೂ ಹಳೆಯದರ ಮೇಲೆಯೇ ಹೊಸ ಪದರ ಹಾಕುತ್ತಾ ಬಂದಿದ್ದಾರೆ. ಒಂದು ಕಾಲಕ್ಕೆ ಬೀದಿಗಿಂತ ಎರಡು ಮೆಟ್ಟಿಲು ಮೇಲಿದ್ದ ಹೊಸಿಲು ಈಗ ಬೀದಿಯ ಸಮಕ್ಕೆ ಬಂದಿದೆ, ಬೀದಿಯ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಎರಡನೆಯ ಕಾರಣ ಸಿಮೆಂಟ್ ಗಿಲಾವು. ಮಣ್ಣಿನ ಗೋಡೆ ಹೀರಿದ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಬಿಡುವುದಿಲ್ಲ, ಬಿರುಕಿನಿಂದ ಒಳಗೆ ಹೋದ ನೀರು ಒಳಗೇ ಉಳಿದು ಗೋಡೆ ಮೆತ್ತಗಾಗುತ್ತದೆ, ಹೊರಗಿನಿಂದ ನೋಡುವವರಿಗೆ ಬೀಳುವ ದಿನದವರೆಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಮಣ್ಣಿನ ಗೋಡೆ ಕಟ್ಟಿಸುವವರು ನೆಲಮಟ್ಟದಿಂದ ಎರಡಡಿಯಾದರೂ ಸೈಜುಗಲ್ಲಿನ ಪಾಯ ಎಬ್ಬಿಸಬೇಕು, ಸುತ್ತ ನೀರು ಹರಿದುಹೋಗುವಂತೆ ಇಳಿಜಾರು ಕೊಡಬೇಕು, ಸೂರನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಬೇಕು. ಗಿಲಾವಿಗೆ ಸುಣ್ಣದ ಗಾರೆ, ಇಲ್ಲವೇ ಹುಲ್ಲಿನ ಚೂರು ಮತ್ತು ಸೆಗಣಿ ಕಲಸಿ ಕೆಲವು ದಿನ ಕೊಳೆಹಾಕಿದ ಕೆಮ್ಮಣ್ಣು ಸಾಕು. ಈ ಕಡೆ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ; ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಇರಚಲು ಪೂರ್ವದಿಂದ ಹೊಡೆಯುವುದರಿಂದ ಆ ಬದಿಯ ಸೂರು ಇನ್ನಷ್ಟು ಅಗಲವಾಗಿರಬೇಕು.

ದಿಕ್ಕಿನ ವಿಷಯ ಚಿಕ್ಕದು. ಮನೆಯ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ಬಡಿಯುವ ಪಶ್ಚಿಮದ ಗೋಡೆ ಕಿರಿದಾಗುತ್ತದೆ. ಆ ಬದಿಗೆ ಉಗ್ರಾಣ, ಬಚ್ಚಲು, ದನದ ಕೊಟ್ಟಿಗೆ ಬರಲಿ. ಸಮುದ್ರಮಟ್ಟದಿಂದ ಎಂಟುನೂರು ಒಂಬೈನೂರು ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಹಗಲು 35 ಡಿಗ್ರಿ ದಾಟಿದ ದಿನವೂ ನಸುಕಿನಲ್ಲಿ ಉಷ್ಣಾಂಶ 22ರ ಹತ್ತಿರಕ್ಕೆ ಇಳಿಯುತ್ತದೆ, ಕರಾವಳಿಗೆ ಈ ಭಾಗ್ಯವಿಲ್ಲ. ರಾತ್ರಿಯ ತಂಪನ್ನು ಗೋಡೆಗೆ ಕುಡಿಸಿ ಹಗಲು ಅದನ್ನು ಖರ್ಚು ಮಾಡಬೇಕಾದರೆ ಕಿಟಕಿಗಳು ರಾತ್ರಿ ತೆರೆದಿರಬೇಕು, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಚ್ಚಬೇಕು. ಹಾವು, ಸೊಳ್ಳೆ, ಕಳ್ಳರ ಭಯಕ್ಕೆ ತೋಟದ ಮನೆಯಲ್ಲಿ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ ಎಂಬುದನ್ನು ನಕ್ಷೆ ಬರೆಯುವವರು ಮರೆಯುತ್ತಾರೆ. ಪ್ರತಿ ಕಿಟಕಿಗೂ ಸರಳು ಮತ್ತು ಸೊಳ್ಳೆಜಾಲರಿ, ಸೂರಿನ ಕೆಳಗೆ ಹಳೆಯ ಮನೆಗಳಲ್ಲಿದ್ದಂಥ ಗವಾಕ್ಷಿ, ಇವಿಷ್ಟಕ್ಕೆ ಮೊದಲೇ ಹಣ ಎತ್ತಿಡದಿದ್ದರೆ ದಪ್ಪ ಗೋಡೆಯ ಪ್ರಯೋಜನ ಅರ್ಧಕ್ಕೆ ಇಳಿಯುತ್ತದೆ.

ಹೆಂಚಿನ ಚಾವಣಿಯ ಇನ್ನೊಂದು ಲಾಭ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬೀಳುವ ಕಡೆ ನೂರು ಚದರ ಮೀಟರ್ ಚಾವಣಿಯಿಂದ, ಐದರಲ್ಲೊಂದು ಪಾಲು ಪೋಲಾಯಿತೆಂದು ಹಿಡಿದರೂ, 56,000 ಲೀಟರ್ ನೀರು ಸಿಗುತ್ತದೆ. ಸಾವಿರ ಅಡಿ ಕೊರೆದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬರುವ ಊರುಗಳಲ್ಲಿ ಅಡುಗೆಗೂ ಕುಡಿಯಲೂ ಇದೇ ಸುರಕ್ಷಿತ.

ಕೆಲಸದ ಕಾಲವೂ ಗೊತ್ತಿರಬೇಕು. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಮುಂದೆ, ಹೊಂಡ ತೆಗೆದು ಬ್ಲಾಕು ಒತ್ತಿದರೆ ಫೆಬ್ರವರಿ ಕೊನೆಗೆ ಅವು ಗೋಡೆಗೆ ಸಿದ್ಧವಾಗುತ್ತವೆ, ಮುಂಗಾರಿಗೆ ಮುನ್ನ ಸೂರು ಕೂರುತ್ತದೆ. ಗಿಲಾವನ್ನು ಒಂದು ಮಳೆಗಾಲ ತಡೆದು ಮಾಡಿದರೆ ನೀರು ಎಲ್ಲೆಲ್ಲಿ ಗೋಡೆಗೆ ತಾಗುತ್ತದೆ ಎಂಬುದು ಕಣ್ಣಿಗೆ ಕಂಡಿರುತ್ತದೆ. ಇದೆಲ್ಲಕ್ಕೂ ಒಂದು ವರ್ಷ ಮೊದಲೇ, ಜಮೀನು ಕೈಗೆ ಬಂದ ಮೊದಲ ಜೂನ್ ತಿಂಗಳಲ್ಲೇ, ಮನೆ ಬರುವ ಜಾಗದ ಪಶ್ಚಿಮಕ್ಕೆ ಹದಿನೈದು ಇಪ್ಪತ್ತು ಅಡಿ ಬಿಟ್ಟು ನಾಲ್ಕು ಹೊಂಗೆ ಸಸಿ ನೆಡಿಸಬೇಕು. ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿ, ಬಿಸಿಲು ಬಲಿಯುವಷ್ಟರಲ್ಲಿ ಮತ್ತೆ ಚಿಗುರಿ ಗುಂಪಾಗುವ ಮರ ಅದು.